ಮಗುವಿಗೊಂದು ಏಪ್ರನ್: ಬಟ್ಟೆ ಕತ್ತರಿಸುವುದರಿಂದ ಕಸೂತಿ ಹಾಕುವವರೆಗೆ

ಐದಾರು ವರ್ಷದ ಮಕ್ಕಳನ್ನು ಅಡುಗೆಮನೆಯಿಂದ ಹೊರಗಿಡುವುದು ಕಷ್ಟ, ಹೊರಗಿಡುವ ಅಗತ್ಯವೂ ಇಲ್ಲ. ಚಪಾತಿ ಹಿಟ್ಟು ನಾದುವಾಗ ಅವರಿಗೂ ಒಂದು ಉಂಡೆ ಬೇಕು. ಬಟಾಣಿ ಬಿಡಿಸಲು ಕೂತರೆ ಬುಟ್ಟಿಯ ಎದುರು ಅವರೂ ಹಾಜರು. ಬಣ್ಣದ ಡಬ್ಬಿ ತೆರೆದರಂತೂ ಹಾಳೆಗಿಂತ ಅಂಗಿಗೆ ಹತ್ತುವುದೇ ಹೆಚ್ಚು. ಅಂಥ ಮಗುವಿಗೆ ಅದರದ್ದೇ ಅಳತೆಯ ಏಪ್ರನ್ ಹೊಲಿದುಕೊಡುವುದು ಹೇಗೆ, ಅದರ ಜೇಬಿನ ಮೇಲೆ ಕಸೂತಿ ಹಾಕುವುದು ಹೇಗೆ ಎಂದು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ. ಮಷಿನ್ನಿನಲ್ಲಿ ನೇರವಾಗಿ ಹೊಲಿಯಲು ಬಂದರೆ ಸಾಕು, ಉಳಿದದ್ದನ್ನು ಮಾಡುತ್ತಾ ಕಲಿಯಬಹುದು.

ಅಲಂಕಾರಕ್ಕೆ ಕಸೂತಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಮಕ್ಕಳ ಬಟ್ಟೆಯ ಮೇಲೆ ಮಣಿ, ಕನ್ನಡಿ, ಮಿಂಚಿನ ಬಿಲ್ಲೆ ಹಚ್ಚಿದರೆ ಒಂದಲ್ಲ ಒಂದು ದಿನ ಅದು ಕಿತ್ತು ಬರುತ್ತದೆ, ಸಣ್ಣ ಮಗುವಾದರೆ ನೇರ ಬಾಯಿಗೇ ಹೋಗುತ್ತದೆ. ಅಂಟಿಸಿದ ಚಿತ್ರಗಳು ನಾಲ್ಕು ಸಲ ಒಗೆಯುವಷ್ಟರಲ್ಲಿ ಸುಲಿಯುತ್ತವೆ. ಧಾರವಾಡ, ಹುಬ್ಬಳ್ಳಿ ಕಡೆಯ ಕಸೂತಿಯಲ್ಲಿ ಕಿತ್ತು ಬರುವ ವಸ್ತುವೇ ಇಲ್ಲ. ಎಲ್ಲವೂ ದಾರ, ಅದೂ ಬಟ್ಟೆಯ ಎಳೆ ಎಣಿಸಿ ಬಟ್ಟೆಯೊಳಗೇ ಕೂರಿಸಿದ ದಾರ. ಗಂಟು ಹಾಕುವ ಪದ್ಧತಿಯಿಲ್ಲ. ಗಾವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಮೇಲೆ ಕಾಣುವ ಚಿತ್ರವೇ ಕೆಳಗೂ ಕಾಣುತ್ತದೆ. ಏಪ್ರನ್ನಿನ ಜೇಬಿಗೆ ಮಗು ದಿನಕ್ಕೆ ಹತ್ತು ಸಲ ಕೈ ಹಾಕುತ್ತದೆ. ಹಿಂಬದಿಯಲ್ಲಿ ಗಂಟು, ಜೋತಾಡುವ ದಾರ ಇದ್ದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಕಸೂತಿಯ ಜೇಬಿನಲ್ಲಿ ಆ ತೊಂದರೆಯಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಇಳಕಲ್ ಸೀರೆ, ಕುಪ್ಪಸಗಳ ಜೊತೆಗೆ ಕೂಸಿನ ಕುಲಾಯಿ, ಕುಂಚಿಗೆಗಳ ಮೇಲೂ ಕಸೂತಿ ಹಾಕುತ್ತಾ ಬಂದವರು. ಮಕ್ಕಳ ಬಟ್ಟೆ ಇದಕ್ಕೆ ಹೊಸ ಜಾಗವೇನಲ್ಲ.

ಬಟ್ಟೆ ಮತ್ತು ಸಾಮಾನು

ಏಪ್ರನ್ನಿಗೆ ಹತ್ತಿಯ ಬಟ್ಟೆಯೇ ಬೇಕು. ಪಾಲಿಯೆಸ್ಟರ್ ಬೆಂಕಿಯ ಹತ್ತಿರ ಕರಗಿ ಮೈಗೆ ಅಂಟುತ್ತದೆ. ಒಲೆಯ ಬಳಿ ಸುಳಿದಾಡುವ ಮಗುವಿಗೆ ಅದನ್ನು ತೊಡಿಸಬಾರದು. ತೀರ ತೆಳುವಾದ ಪಾಪ್ಲಿನ್ ಒದ್ದೆಯಾದ ಕೂಡಲೇ ಒಳಗಿನ ಅಂಗಿಗೂ ನೀರು ಇಳಿಸುತ್ತದೆ. ಕೇಸ್ಮೆಂಟ್ ಎಂಬ ಗಟ್ಟಿ ಹತ್ತಿ ಬಟ್ಟೆ ಅಥವಾ ಸ್ವಲ್ಪ ದಪ್ಪನೆಯ ಖಾದಿ ಸರಿಯಾಗಿ ಹೊಂದುತ್ತದೆ. ಗಾಢ ಬಣ್ಣ ಆರಿಸಿ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಎಷ್ಟು ಎದ್ದು ಕಾಣುತ್ತದೆಂದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಡುನೀಲಿ, ಕಡುಹಸಿರು, ಇಟ್ಟಿಗೆ ಕೆಂಪು ಕೂಡ ಚೆನ್ನ, ಸಾರಿನ ಕಲೆಯೂ ಬೇಗ ಕಾಣುವುದಿಲ್ಲ.

ತರಬೇಕಾದವು ಇಷ್ಟು:

- 44 ಇಂಚು ಪನ್ನದ (ಅಗಲದ) ಹತ್ತಿ ಬಟ್ಟೆ, ಮುಕ್ಕಾಲು ಮೀಟರ್
- ಜೇಬಿಗೆ ಮ್ಯಾಟಿ ಬಟ್ಟೆ, 10 ಇಂಚು ಚೌಕದ ಒಂದು ತುಂಡು
- ಆರೆಳೆಯ ಕಸೂತಿ ದಾರದ ಲಡಿಗಳು, ಮೂರು ಬಣ್ಣ
- ಮೊಂಡು ತುದಿಯ, ದೊಡ್ಡ ಕಣ್ಣಿನ ಸೂಜಿ
- ಒಂದು ಇಂಚು ಅಗಲದ ವೆಲ್ಕ್ರೋ, ಸುಮಾರು 6 ಇಂಚು
- ಬಟ್ಟೆಯ ಬಣ್ಣದ ಹೊಲಿಗೆ ದಾರ, ಮಷಿನ್ನಿಗೆ 14 ಅಥವಾ 16ನೇ ನಂಬರಿನ ಸೂಜಿ
- ಟೇಪು, ಗುರುತು ಹಾಕುವ ಚಾಕ್‌ಪೀಸು, ಗುಂಡುಪಿನ್ನು, ಹರಿತವಾದ ಕತ್ತರಿ

ಮ್ಯಾಟಿ ಬಟ್ಟೆಯ ನೇಯ್ಗೆ ಸಣ್ಣ ಸಣ್ಣ ಚೌಕಗಳಾಗಿ ಕಾಣುತ್ತದೆ, ಪ್ರತಿ ಚೌಕದ ಮೂಲೆಯಲ್ಲೂ ಸೂಜಿ ಇಳಿಯುವ ತೂತು ಇರುತ್ತದೆ. ಹೊಸದಾಗಿ ಕಸೂತಿ ಕಲಿಯುವವರಿಗೆ ಇದಕ್ಕಿಂತ ಅನುಕೂಲದ ಬಟ್ಟೆ ಇನ್ನೊಂದಿಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಟೇಪು ಇಟ್ಟು ಒಂದು ಇಂಚಿಗೆ ಎಷ್ಟು ಚೌಕವಿದೆ ಎಣಿಸಿ; ಚಿತ್ರ ಎಷ್ಟು ದೊಡ್ಡದಾಗಿ ಬರುತ್ತದೆ ಎಂಬುದು ಆ ಲೆಕ್ಕದಿಂದಲೇ ತಿಳಿಯುವುದು.

ಕತ್ತರಿಸುವ ಮೊದಲು ನೀರು

ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಮೇಲಿನ ಬಟ್ಟೆಯೊಂದು ಲೆಕ್ಕಕ್ಕೆ, ಜೇಬಿನ ಮ್ಯಾಟಿ ಇನ್ನೊಂದು ಲೆಕ್ಕಕ್ಕೆ ಕುಗ್ಗಿದರೆ ಹೊಲಿದ ಜೇಬು ಸುಕ್ಕುಸುಕ್ಕಾಗಿ ನಿಲ್ಲುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇನ್ನೂ ತುಸು ಹಸಿ ಇರುವಾಗಲೇ ಇಸ್ತ್ರಿ ಮಾಡಿ. ನೀರಿಗೆ ಬಣ್ಣ ಬಿಟ್ಟಿದ್ದರೆ, ಬಿಡುವುದು ನಿಲ್ಲುವತನಕ ನೆನೆಸುವುದನ್ನು ಮುಂದುವರಿಸಿ. ದಾರಕ್ಕೂ ಪರೀಕ್ಷೆ ಬೇಕು: ಪ್ರತಿ ಬಣ್ಣದ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ ನೋಡಿ. ಕೆಂಪು ದಾರ ಈ ಪರೀಕ್ಷೆಯಲ್ಲಿ ಸೋಲುವುದು ಹೆಚ್ಚು. ಬಿಳಿಗೆ ಬಣ್ಣ ಹತ್ತಿದರೆ ಆ ಲಡಿ ಬೇಡ.

ಅಳತೆ

ಇಲ್ಲಿನ ಅಳತೆ ಸಾಧಾರಣ ಮೈಕಟ್ಟಿನ ಐದಾರು ವರ್ಷದ ಮಗುವಿಗೆ. ಹೊಲಿದು ಮುಗಿದ ಏಪ್ರನ್ನಿನ ಉದ್ದ 20 ಇಂಚು, ಕೆಳಗಿನ ಅಗಲ 17 ಇಂಚು, ಎದೆಯ ಮೇಲಿನ ಅಗಲ ಏಳೂವರೆ ಇಂಚು, ಕಂಕುಳಿನ ಬಾಗು ಮೇಲಿನಿಂದ 7 ಇಂಚು ಆಳ. ನಿಮ್ಮ ಮಗುವಿಗೆ ಸರಿಹೋಗುತ್ತದೋ ಇಲ್ಲವೋ ನೋಡಲು ಟೇಪಿನಲ್ಲಿ ಎರಡೇ ಕಡೆ ಅಳೆದರೆ ಸಾಕು. ಕೊರಳಿನ ಗುಳಿಯಿಂದ ಎರಡು ಬೆರಳು ಕೆಳಗೆ ಹಿಡಿದು ಮೊಣಕಾಲಿನ ಸ್ವಲ್ಪ ಮೇಲಿನವರೆಗೆ ಉದ್ದ. ಸೊಂಟದ ಸುತ್ತಳತೆಯಲ್ಲಿ ನಾಲ್ಕೈದು ಇಂಚು ಕಳೆದರೆ ಅಗಲ. ಏಪ್ರನ್ ಮೊಣಕಾಲಿನ ಕೆಳಗೆ ಇಳಿಯಬಾರದು. ಸ್ಟೂಲು ಹತ್ತಿ ನಿಲ್ಲುವ ಮಗುವಿನ ಕಾಲಿಗೆ ಅದು ಅಡ್ಡ ಬರುತ್ತದೆ.

ಕತ್ತರಿಸುವಾಗ ಮಡಿಕೆಗೆ ಬಟ್ಟೆ ಸೇರಿಸಬೇಕು. ಎರಡು ಪಕ್ಕಕ್ಕೆ ಮುಕ್ಕಾಲು ಮುಕ್ಕಾಲು ಇಂಚು, ಮೇಲೆ ಒಂದೂವರೆ, ಕೆಳಗೆ ಒಂದೂವರೆ. ಅಲ್ಲಿಗೆ ಕತ್ತರಿಸುವ ತುಂಡು ಹದಿನೆಂಟೂವರೆ ಇಂಚು ಅಗಲ, 23 ಇಂಚು ಉದ್ದವಾಯಿತು. ಮಗು ಬೆಳೆದಂತೆ ಉದ್ದವೂ ಬೆಳೆಯಲಿ ಎನ್ನುವವರು ಉದ್ದಕ್ಕೆ ಇನ್ನೂ 2 ಇಂಚು ಸೇರಿಸಿ. ಹಿಂದೆಲ್ಲ ಹುಡುಗಿಯರ ಲಂಗಕ್ಕೆ ಒಳಮಡಿಕೆ ಹಾಕಿ ವರ್ಷ ಕಳೆದಂತೆ ಬಿಚ್ಚುತ್ತಿದ್ದರಲ್ಲ, ಅದೇ ಕ್ರಮ ಇಲ್ಲೂ ನಡೆಯುತ್ತದೆ. ಬಟ್ಟೆಗೆ ಅಷ್ಟು ಖರ್ಚು ಮಾಡಿದ ಮೇಲೆ ಎರಡು ಇಂಚಿಗೆ ಜಿಪುಣತನ ಬೇಡವೆಂಬುದು ನನ್ನ ಅಭಿಪ್ರಾಯ.

ಗುರುತು ಹಾಕಿ ಕತ್ತರಿಸುವುದು

ಬಟ್ಟೆಯ ಹಾಸು, ಎಂದರೆ ಉದ್ದದ ಎಳೆ, ಏಪ್ರನ್ನಿನ ಉದ್ದಕ್ಕೆ ಬರಬೇಕು. ಅಡ್ಡಡ್ಡಲಾಗಿ ಕತ್ತರಿಸಿದ ಏಪ್ರನ್ ಒಗೆದಂತೆ ಜೋಲುತ್ತದೆ. ಕತ್ತರಿಸಿದ ತುಂಡನ್ನು ಉದ್ದಕ್ಕೆ ಸರಿಯಾಗಿ ಎರಡು ಮಡಿಸಿ, ಮಡಿಕೆ ನಿಮ್ಮ ಎಡಗೈ ಕಡೆಗೆ ಬರುವಂತೆ ಹಾಸಿ. ಈಗ ಅಗಲ ಒಂಬತ್ತೂಕಾಲು ಇಂಚು. ಮೇಲಂಚಿನಲ್ಲಿ ಮಡಿಕೆಯಿಂದ ಮೂರೂಮುಕ್ಕಾಲು ಇಂಚಿಗೆ ಒಂದು ಚುಕ್ಕಿ, ಬಲಗಡೆಯ ತೆರೆದ ಅಂಚಿನಲ್ಲಿ ಮೇಲಿನಿಂದ ಎಂಟೂವರೆ ಇಂಚಿಗೆ ಇನ್ನೊಂದು ಚುಕ್ಕಿ. ಇವೆರಡನ್ನೂ ಒಳಬಾಗಿನ ಗೆರೆಯಿಂದ ಸೇರಿಸಬೇಕು.

ಆ ಗೆರೆ ಎಳೆಯುವಲ್ಲಿ ಒಂದು ಸೂಕ್ಷ್ಮವಿದೆ. ಮೇಲಿನ ಚುಕ್ಕಿಯಿಂದ ಮೂರು ಇಂಚಿನವರೆಗೆ ಗೆರೆ ನೆಟ್ಟಗೆ ಕೆಳಗಿಳಿಯಲಿ. ಪಕ್ಕದ ಚುಕ್ಕಿ ತಲುಪುವ ಕೊನೆಯ ಒಂದೂವರೆ ಇಂಚು ನೆಟ್ಟಗೆ ಅಡ್ಡಕ್ಕೆ ಹೋಗಲಿ. ನಡುವೆ ಮಾತ್ರ ಬಾಗು. ಮೇಲಂಚನ್ನೂ ಪಕ್ಕವನ್ನೂ ನಾವು ಮುಂದೆ ಒಳಕ್ಕೆ ಮಡಿಸುತ್ತೇವೆ. ಮಡಿಸುವ ಜಾಗದಲ್ಲೇ ಬಾಗು ಶುರುವಾದರೆ ಮಡಿಸಿದ ಬಟ್ಟೆಯ ತುದಿ ಹೊರಗೆ ಚಾಚುತ್ತದೆ ಇಲ್ಲವೇ ಒಳಗೆ ಸಾಲದೆ ಬರುತ್ತದೆ. ಕಂಕುಳು ಒರಟೊರಟಾಗಿ ಕಾಣಲು ಮುಖ್ಯ ಕಾರಣ ಇದೇ.

ಎರಡು ಪದರವನ್ನೂ ಪಿನ್ನು ಹಾಕಿ ಒಟ್ಟಿಗೆ ಕತ್ತರಿಸಿ. ಉಳಿದ ಬಟ್ಟೆಯಲ್ಲಿ ಕೊರಳ ಪಟ್ಟಿಗೆ 3 ಇಂಚು ಅಗಲ, 18 ಇಂಚು ಉದ್ದದ ತುಂಡು, ಸೊಂಟದ ಪಟ್ಟಿಗೆ 3 ಇಂಚು ಅಗಲ, 12 ಇಂಚು ಉದ್ದದ ತುಂಡು ತೆಗೆಯಿರಿ. ಕಂಕುಳಿಗೆ ಒಂದೂಕಾಲು ಇಂಚು ಅಗಲದ ಎರಡು ಕ್ರಾಸ್ ಪೀಸ್, ತಲಾ 12 ಇಂಚು. ಕ್ರಾಸ್ ಪೀಸನ್ನು ಮೂಲೆಯಿಂದ ಮೂಲೆಗೆ ಓರೆಯಾಗಿಯೇ ಕತ್ತರಿಸಬೇಕು. ಓರೆಯಿದ್ದರೆ ಮಾತ್ರ ಅದು ಎಳೆದಂತೆ ಹಿಗ್ಗಿ ಬಾಗಿನ ಜೊತೆ ತಿರುಗುತ್ತದೆ.

ಜೇಬಿನ ಕಸೂತಿ

ಹೊಲಿಗೆಗೆ ಮುಂಚೆಯೇ ಕಸೂತಿ ಮುಗಿಯಬೇಕು. ಬಿಡಿ ತುಂಡಾದರೆ ಕೈಯಲ್ಲಿ ಹಿಡಿಯುವುದು ಸುಲಭ, ಮಗು ದೊಡ್ಡದಾದ ಮೇಲೆ ಜೇಬನ್ನು ಬಿಚ್ಚಿ ಮುಂದಿನ ಏಪ್ರನ್ನಿಗೆ ಹಾಕಲೂ ಬರುತ್ತದೆ. ಮ್ಯಾಟಿಯ ಅಂಚು ಬೇಗ ಎಳೆ ಬಿಡುತ್ತದೆ, ಹಾಗಾಗಿ 10 ಇಂಚಿನ ಚೌಕವನ್ನು ಹಾಗೆಯೇ ಇಟ್ಟುಕೊಂಡು ಸುತ್ತ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ನಡುವೆ 7 ಇಂಚು ಅಗಲ, 6 ಇಂಚು ಎತ್ತರದ ಜಾಗವನ್ನು ಬಿಳಿ ದಾರದಲ್ಲಿ ಗುರುತಿಸಿ. ಮುಗಿದ ಜೇಬು ಅಷ್ಟು ದೊಡ್ಡದು.

ಕಸೂತಿಯಲ್ಲಿ ನಾಲ್ಕು ಹೊಲಿಗೆಗಳು. ಗಾವಂತಿ ನೇರ ಗೆರೆಯದು: ಸೂಜಿ ಮೇಲೆ ಕೆಳಗೆ ಹೋಗುತ್ತಾ ಒಂದು ಮನೆ (ಒಂದು ಹೊಲಿಗೆಯಷ್ಟು ಜಾಗ) ಬಿಟ್ಟು ಒಂದು ಮನೆ ತುಂಬುತ್ತದೆ, ಬಂದ ದಾರಿಯಲ್ಲೇ ಹಿಂತಿರುಗುವಾಗ ಬಿಟ್ಟ ಮನೆಗಳು ತುಂಬುತ್ತವೆ. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಗಿ ಉದ್ದುದ್ದ ಎಳೆಗಳಿಂದ ನೇಯ್ದಂತೆ ಕಾಣುವ ಹೊಲಿಗೆ. ಹೆಂತೆ ಎಂದರೆ ಗುಣಾಕಾರದ ಚಿಹ್ನೆಯಂಥ ಅಡ್ಡಗತ್ತರಿ ಹೊಲಿಗೆ. ಈ ಜೇಬಿಗೆ ನೇಗಿ ಬೇಡವೆನ್ನುತ್ತೇನೆ. ನೋಡಲು ಬಹಳ ಚೆಂದ, ಆದರೆ ಹಿಂಬದಿಯಲ್ಲಿ ಉದ್ದನೆಯ ಎಳೆಗಳು ಸಡಿಲವಾಗಿ ನಿಲ್ಲುವುದರಿಂದ ಮಗುವಿನ ಉಗುರು ಸಿಕ್ಕಿಕೊಳ್ಳುತ್ತದೆ. ಮುರ್ಗಿ, ಗಾವಂತಿಗಳಲ್ಲಿ ಚಿತ್ರ ಬರೆದು ಅಲ್ಲಲ್ಲಿ ಹೆಂತೆ ಇಡೋಣ.

ಕಸೂತಿಯ ಚಿತ್ರಗಳಿಗೆ ಲೆಕ್ಕವಿಲ್ಲ: ತೇರು, ತುಳಸಿಕಟ್ಟೆ, ಆನೆ ಅಂಬಾರಿ, ನವಿಲು, ಗಿಳಿ, ಕಮಲ. ಮೊದಲ ಸಲಕ್ಕೆ ಪುಟ್ಟ ಗೋಪುರ ಸಾಕು. ಒಂದೊಂದು ಹೊಲಿಗೆಯೂ ಬಟ್ಟೆಯ ಎರಡು ಚೌಕದಷ್ಟು ಉದ್ದ ಎಂದಿಟ್ಟುಕೊಳ್ಳಿ. ಲಡಿಯ ಆರೆಳೆಯಲ್ಲಿ ಎರಡೆಳೆ ಬಿಡಿಸಿ, ಒಂದು ಮೊಳಕ್ಕಿಂತ ಹೆಚ್ಚಿಲ್ಲದಂತೆ ಕತ್ತರಿಸಿ ಸೂಜಿಗೆ ಪೋಣಿಸಿ. ದಾರ ಉದ್ದವಾದಷ್ಟೂ ಸಿಕ್ಕು ಹೆಚ್ಚು, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಹೊಳಪೂ ಹೋಗುತ್ತದೆ.

ಗೋಪುರದ ಎಡ ಬುಡದಲ್ಲಿ ಸೂಜಿಯನ್ನು ಕೆಳಗಿನಿಂದ ಮೇಲಕ್ಕೆ ತನ್ನಿ. ಗಂಟು ಹಾಕಬೇಡಿ, ಹಿಂದೆ ಮೂರು ಇಂಚು ದಾರ ಬಿಡಿ. ದಾರಿ ಹೀಗಿದೆ: ಮೇಲೆ, ಬಲಕ್ಕೆ, ಮೇಲೆ, ಬಲಕ್ಕೆ, ಮೇಲೆ, ಬಲಕ್ಕೆ, ಮೇಲೆ. ಈಗ ನಾಲ್ಕು ಮೆಟ್ಟಿಲು ಏರಿದಿರಿ. ಬಲಕ್ಕೆ ಒಂದು ಹೊಲಿಗೆ, ಅದೇ ಶಿಖರ. ಆಮೇಲೆ ಕೆಳಗೆ, ಬಲಕ್ಕೆ, ಕೆಳಗೆ, ಬಲಕ್ಕೆ, ಕೆಳಗೆ, ಬಲಕ್ಕೆ, ಕೆಳಗೆ. ಒಟ್ಟು ಹದಿನೈದು ಹೊಲಿಗೆ. ಅಗಲ ಏಳು, ಎತ್ತರ ನಾಲ್ಕು.

ಮೊದಲ ಸುತ್ತಿನಲ್ಲಿ ಈ ಹದಿನೈದರಲ್ಲಿ ಒಂದು ಬಿಟ್ಟು ಒಂದು ಮಾತ್ರ ಮೇಲೆ ಕಾಣುತ್ತದೆ. ಮೊದಲ ಹೊಲಿಗೆ ನೆಟ್ಟಗೆ ನಿಂತದ್ದು, ಅದು ಮೇಲೆ. ಎರಡನೆಯದು ಮಲಗಿದ್ದು, ಅದನ್ನು ಸೂಜಿ ಬಟ್ಟೆಯ ಕೆಳಗೆ ದಾಟುತ್ತದೆ. ಹೀಗೆ ಬಲ ಬುಡಕ್ಕೆ ತಲುಪುವಾಗ ನಿಮ್ಮೆದುರು ಎಂಟು ನಿಂತ ಗೀಟುಗಳಷ್ಟೇ ಇರುತ್ತವೆ, ಒಂದಕ್ಕೊಂದು ತಾಗದೆ ಗಾಳಿಯಲ್ಲಿ ನಿಂತಂತೆ. ಬಟ್ಟೆ ತಿರುಗಿಸಿ ನೋಡಿದರೆ ಏಳು ಮಲಗಿದ ಗೀಟುಗಳು. ಈಗ ಬಂದ ದಾರಿಯಲ್ಲೇ ವಾಪಸು ಬನ್ನಿ. ಕೊನೆಯ ನಿಂತ ಗೀಟಿನ ಹಿಂಬದಿಯಲ್ಲೇ ಮೇಲೇರಿ, ಅದರ ತಲೆಯಲ್ಲಿ ಹೊರಬಂದು, ಎಡಕ್ಕೆ ಮಲಗಿದ ಹೊಲಿಗೆ ಹಾಕಿ ಇಳಿಯಿರಿ. ಒಂದೊಂದು ಅಡ್ಡಗೀಟು ಬಿದ್ದ ಹಾಗೂ ಎರಡು ನಿಂತ ಗೀಟುಗಳು ಕೂಡಿಕೊಂಡು ಮೆಟ್ಟಿಲು ಮೂಡುತ್ತದೆ. ಎಡ ಬುಡಕ್ಕೆ ಮುಟ್ಟಿದಾಗ ಗೋಪುರ ಪೂರ್ತಿ, ಹಿಂದೆಯೂ ಅದೇ ಗೋಪುರ. ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡು ಈ ವಾಪಸು ಬರುವ ಸುತ್ತನ್ನು ತೋರಿಸಿ. ಕಸೂತಿಯ ಲೆಕ್ಕ ಅವರಿಗೆ ಅಲ್ಲೇ ಅರ್ಥವಾಗುತ್ತದೆ.

ದಾರ ಕತ್ತರಿಸದೆ ಅದೇ ತೂತಿನಿಂದ ಮೇಲೆ ಬಂದು, ಬುಡದ ಗೆರೆಯನ್ನು ಏಳು ಹೊಲಿಗೆಯ ಗಾವಂತಿಯಲ್ಲಿ ಹಾಕಿ. ಹೋಗುವಾಗ ಒಂದು, ಮೂರು, ಐದು, ಏಳು. ಬರುವಾಗ ಆರು, ನಾಲ್ಕು, ಎರಡು. ದಾರದ ಎರಡೂ ತುದಿಯನ್ನು ಹಿಂಬದಿಯ ಹೊಲಿಗೆಗಳ ಅಡಿಯಲ್ಲಿ ನಾಲ್ಕೈದು ಮನೆ ನುಸುಳಿಸಿ ಒತ್ತಿ ಕತ್ತರಿಸಿ. ಶಿಖರದ ಹೊಲಿಗೆಯ ಮೇಲೆ ಬೇರೆ ಬಣ್ಣದಲ್ಲಿ ಒಂದು ಹೆಂತೆ ಇಟ್ಟರೆ ಕಳಸವಾಯಿತು. ಬುಡದ ನಡುವಿನ ಮನೆಯಲ್ಲಿ ಇನ್ನೊಂದು ಹೆಂತೆ ಇಟ್ಟರೆ ಬಾಗಿಲು. ಹೆಂತೆಗಳಲ್ಲಿ ಮೇಲೆ ಬರುವ ಓರೆ ಗೀಟು ಎಲ್ಲದರಲ್ಲೂ ಒಂದೇ ದಿಕ್ಕಿಗಿರಬೇಕು. ಒಂದು ತಿರುಗಿದರೂ ಬೆಳಕು ಬಿದ್ದಾಗ ಕಣ್ಣಿಗೆ ಹೊಡೆಯುತ್ತದೆ.

ಇಂಚಿಗೆ 10 ಚೌಕವಿರುವ ಬಟ್ಟೆಯಾದರೆ ಒಂದು ಗೋಪುರ 14 ಚೌಕ, ಎಂದರೆ ಸುಮಾರು 1.4 ಇಂಚು ಅಗಲ. ಆರಾರು ಚೌಕ ಬಿಟ್ಟು ಮೂರು ಗೋಪುರ ಸಾಲಾಗಿ ಹಾಕಿದರೆ 5.4 ಇಂಚಾಗುತ್ತದೆ, ಎರಡೂ ಬದಿಗೆ ಮುಕ್ಕಾಲು ಇಂಚಿನಷ್ಟು ಜಾಗ ಉಳಿಯುತ್ತದೆ. ನಡುವಿನ ಗೋಪುರ ಮೊದಲು ಹಾಕಿ, ಆಮೇಲೆ ಅಕ್ಕಪಕ್ಕದವು. ಕೆಳಗೆ ಮಗುವಿನ ಹೆಸರಿನ ಮೊದಲ ಅಕ್ಷರ ಹೆಂತೆಯಲ್ಲಿ ಬೇಕೆಂದರೆ ಚೌಕದ ಲೆಕ್ಕದ ಪುಸ್ತಕದಲ್ಲಿ ಮೊದಲು ಬರೆದುಕೊಳ್ಳಿ. ಕನ್ನಡದ ಗುಂಡು ಅಕ್ಷರ ಚೌಕದಲ್ಲಿ ಕೂರಲು ಎತ್ತರ ಕನಿಷ್ಠ ಒಂಬತ್ತು ಮನೆಯಾದರೂ ಬೇಕು, ಅದಕ್ಕಿಂತ ಕಡಿಮೆಯಾದರೆ ಗುರುತು ಸಿಗುವುದಿಲ್ಲ.

ಎದೆಯ ಭಾಗದ ಕೇಸ್ಮೆಂಟಿನ ಮೇಲೂ ಒಂದು ಗೆರೆ ಬೇಕೆನಿಸಿದರೆ, ಅಲ್ಲಿ ಎಳೆ ಎಣಿಸುವುದು ಕಷ್ಟ. ಮ್ಯಾಟಿಯಂಥ ಸಡಿಲ ನೇಯ್ಗೆಯ ಕ್ಯಾನ್ವಾಸಿನ ಪಟ್ಟಿಯನ್ನು ಮೇಲೆ ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿ, ಎರಡೂ ಪದರ ಸೇರಿಸಿ ಕಸೂತಿ ಹಾಕಿ, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬಹುದು. ರೇಷ್ಮೆ ಸೀರೆಗಳ ಮೇಲೆ ಈಗ ಹೀಗೆಯೇ ಮಾಡುತ್ತಾರೆ.

ಏಪ್ರನ್ ಹೊಲಿಯುವುದು

ಮೊದಲು ಪಕ್ಕಗಳು. ಕಾಲು ಇಂಚು ಒಳಕ್ಕೆ ಮಡಿಸಿ ಇಸ್ತ್ರಿ, ಮತ್ತೆ ಅರ್ಧ ಇಂಚು ಮಡಿಸಿ ಇಸ್ತ್ರಿ, ಆಮೇಲೆ ಹೊಲಿಗೆ. ಕೆಳಗಂಚಿಗೂ ಮೇಲಂಚಿಗೂ ಅರ್ಧ ಇಂಚು, ಆಮೇಲೆ ಒಂದು ಇಂಚು. ಇಸ್ತ್ರಿ ಮಾಡದೆ ಮಡಿಸುತ್ತಾ ಹೊಲಿದರೆ ಅಂಚು ಹಾವಿನಂತೆ ಹರಿಯುತ್ತದೆ. ಒಳಮಡಿಕೆಗೆ ಎರಡು ಇಂಚು ಬಿಟ್ಟವರು ಕೆಳಗಂಚು ಹೊಲಿದ ಮೇಲೆ ಅದರಿಂದ ಎರಡು ಇಂಚು ಮೇಲೆ, ಒಳಬದಿಗೆ ಒಂದು ಇಂಚಿನ ಅಡ್ಡ ಮಡಿಕೆ ಹಿಡಿದು ದೊಡ್ಡ ಹೊಲಿಗೆಯಲ್ಲಿ ನಿಲ್ಲಿಸಿ. ಬಿಚ್ಚುವ ಹೊಲಿಗೆಯಾದ್ದರಿಂದ ಬಿಗಿ ಬೇಡ.

ಈಗ ಕಂಕುಳು. ಕ್ರಾಸ್ ಪೀಸನ್ನು ಬಟ್ಟೆಯ ಮೇಲ್ಬದಿಗೆ ಮುಖಕ್ಕೆ ಮುಖ ಇಟ್ಟು ಅಂಚಿನಿಂದ ಕಾಲು ಇಂಚಿಗೆ ಹೊಲಿಯಿರಿ. ಪಟ್ಟಿಯನ್ನು ತುಸುವೇ ಎಳೆಯುತ್ತಾ ಹೋಗಬೇಕು, ಕೆಳಗಿನ ಬಟ್ಟೆಯನ್ನು ಎಳೆಯಬಾರದು. ಎರಡೂ ತುದಿಯಲ್ಲಿ ಅರ್ಧ ಇಂಚು ಪಟ್ಟಿ ಹೆಚ್ಚಿಗೆ ಇರಲಿ, ಅದನ್ನು ಒಳಕ್ಕೆ ಮಡಿಸಿಕೊಳ್ಳಿ. ಬಾಗು ಆಳವಾಗಿರುವಲ್ಲಿ ಹೊಲಿಗೆಗೆ ತಾಗದಂತೆ ಮೂರ್ನಾಲ್ಕು ಕಚ್ಚು ಕೊಟ್ಟು, ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ, ಅದರ ಅಂಚು ಮಡಿಸಿ, ಮೊದಲ ಹೊಲಿಗೆಯನ್ನು ಮುಚ್ಚುವಂತೆ ಕೂರಿಸಿ ಹೊಲಿಯಿರಿ. ಮಷಿನ್ನಿನಲ್ಲಿ ಕೈ ಪಳಗದವರು ಇದನ್ನು ಕೈಯಲ್ಲಿ ಹೆಮ್ಮಿಂಗ್ ಮಾಡುವುದೇ ಒಳ್ಳೆಯದು. ಮೇಲ್ಬದಿಯಲ್ಲಿ ಹೊಲಿಗೆ ಕಾಣುವುದಿಲ್ಲ, ಕಂಕುಳಿಗೆ ಮೆತ್ತಗೂ ಇರುತ್ತದೆ.

ಜೇಬಿನ ಮ್ಯಾಟಿಯನ್ನು ಈಗ 8 ಇಂಚಿನ ಚೌಕಕ್ಕೆ ಕತ್ತರಿಸಿ: ಬಿಳಿ ಗುರುತಿನಿಂದ ಎರಡು ಪಕ್ಕಕ್ಕೂ ಕೆಳಕ್ಕೂ ಅರ್ಧ ಇಂಚು, ಮೇಲಕ್ಕೆ ಒಂದೂವರೆ. ಕತ್ತರಿಸಿದ ಕೂಡಲೇ ಓವರ್‌ಲಾಕ್ ಮಾಡಿಸಿ, ಇಲ್ಲವೇ ಅಂಚಿನುದ್ದಕ್ಕೂ ಒತ್ತಾದ ಹೊಲಿಗೆ ಹಾಕಿ. ಮೇಲಂಚನ್ನು ಅರ್ಧ, ಆಮೇಲೆ ಒಂದು ಇಂಚು ಮಡಿಸಿ ಹೊಲಿದು, ಉಳಿದ ಮೂರು ಬದಿಯನ್ನು ಅರ್ಧರ್ಧ ಇಂಚು ಹಿಂದಕ್ಕೆ ಮಡಿಸಿ ಇಸ್ತ್ರಿ ಮಾಡಿ. ಏಪ್ರನ್ನಿನ ಮೇಲಂಚಿನಿಂದ 9 ಇಂಚು ಕೆಳಗೆ ಜೇಬಿನ ಬಾಯಿ ಬರಲಿ, ಎರಡೂ ಪಕ್ಕಕ್ಕೆ 5 ಇಂಚು ಉಳಿಯಲಿ. ಪಿನ್ನು ಹಾಕಿ ಮಗುವಿಗೆ ಒಮ್ಮೆ ತೊಡಿಸಿ ನೋಡಿ. ಕೈ ಸಲೀಸಾಗಿ ಇಳಿಯದಿದ್ದರೆ ಅರ್ಧ ಇಂಚು ಮೇಲೆ ಕೆಳಗೆ ಸರಿಸಬಹುದು. ಹೊಲಿಯುವಾಗ ಬಾಯಿಯ ಎರಡು ಮೂಲೆಗೂ ಪುಟ್ಟ ತ್ರಿಕೋನದ ಹೊಲಿಗೆ ಕೊಡಿ. ಜೇಬು ಹರಿಯುವುದು ಯಾವಾಗಲೂ ಅಲ್ಲಿಂದಲೇ.

ಕೊರಳು ಮತ್ತು ಸೊಂಟದ ಪಟ್ಟಿ

ಇಲ್ಲಿ ಅಂದಕ್ಕಿಂತ ಜೋಪಾನ ಮುಖ್ಯ. ದೊಡ್ಡವರ ಏಪ್ರನ್ನಿನಂತೆ ಕೊರಳ ಹಿಂದೆ ಗಂಟು ಕಟ್ಟುವ ಲಾಡಿ ಮಕ್ಕಳಿಗೆ ಬೇಡವೇ ಬೇಡ. ಬಾಗಿಲ ಹಿಡಿಗೋ ಕಿಟಕಿಯ ಕೊಂಡಿಗೋ ಸಿಕ್ಕಿಕೊಂಡರೆ ಅದು ಕೊರಳಿಗೆ ಉರುಳಾಗುತ್ತದೆ. ಯುರೋಪಿನಲ್ಲಿ ಏಳು ವರ್ಷದೊಳಗಿನ ಮಕ್ಕಳ ಉಡುಪಿನ ಕೊರಳಲ್ಲಿ ಲಾಡಿ ಇರಬಾರದೆಂಬ ಗುಣಮಟ್ಟದ ನಿಯಮವೇ ಇದೆ. ಎಳೆದ ಕೂಡಲೇ ಬಿಟ್ಟುಕೊಳ್ಳುವ ವೆಲ್ಕ್ರೋ ಪಟ್ಟಿ ಹಾಕಿದರೆ ಈ ಭಯವಿಲ್ಲ.

ಪಟ್ಟಿಯ ತುಂಡಿನ ಎರಡೂ ಉದ್ದಂಚನ್ನು ಅರ್ಧರ್ಧ ಇಂಚು ಒಳಕ್ಕೆ ಮಡಿಸಿ, ಮತ್ತೆ ನಡುವಿಗೆ ಮಡಿಸಿದರೆ ಒಂದು ಇಂಚು ಅಗಲದ ಪಟ್ಟಿ. ತುದಿಗಳನ್ನೂ ಒಳಕ್ಕೆ ಮಡಚಿ ಸುತ್ತ ಹೊಲಿಯಿರಿ. ಕೊರಳ ಪಟ್ಟಿಯ ಒಂದು ತುದಿಯನ್ನು ಎದೆಯ ಭಾಗದ ಎಡ ಮೂಲೆಯ ಹಿಂದೆ ಚೌಕ ಹೊಲಿಗೆ, ನಡುವೆ ಅಡ್ಡಗೀಟು ಹಾಕಿ ಭದ್ರ ಮಾಡಿ. ಬಲ ಮೂಲೆಯ ಹಿಂದೆ ವೆಲ್ಕ್ರೋದ ಮೆತ್ತನೆಯ ತುಂಡು ಬರಲಿ. ಮಗುವಿಗೆ ತೊಡಿಸಿ, ಕೊರಳು ಮತ್ತು ಪಟ್ಟಿಯ ನಡುವೆ ನಿಮ್ಮ ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟು ಉದ್ದ ಗುರುತಿಸಿ, ಹೆಚ್ಚಿನದನ್ನು ಕತ್ತರಿಸಿ, ಪಟ್ಟಿಯ ತುದಿಗೆ ಗಡಸು ತುಂಡು ಹೊಲಿಯಿರಿ. ಗಡಸು ಬದಿ ಏಪ್ರನ್ನಿನ ಕಡೆಗೆ ಮುಖ ಮಾಡಬೇಕು, ಮಗುವಿನ ಚರ್ಮಕ್ಕೆ ತಾಗಬಾರದು. ವೆಲ್ಕ್ರೋ ಒಂದು ಇಂಚಿಗಿಂತ ಉದ್ದ ಬೇಡ. ಉದ್ದವಾದರೆ ಎಳೆದರೂ ಬಿಡುವುದಿಲ್ಲ. ಹೊಲಿದಾದ ಮೇಲೆ ಕೈಯಲ್ಲಿ ಜಗ್ಗಿ ನೋಡಿ.

ಸೊಂಟದ ಪಟ್ಟಿಯನ್ನು ಎಡ ಪಕ್ಕಕ್ಕೆ, ಕಂಕುಳಿನ ಬಾಗು ಮುಗಿಯುವಲ್ಲೇ ಹೊಲಿಯಿರಿ. ಅದು ಬೆನ್ನು ಸುತ್ತಿ ಬಂದು ಬಲ ಪಕ್ಕದ ಮುಂಭಾಗಕ್ಕೆ ಅಂಟಬೇಕು. ಅಲ್ಲಿ ಅಂಚಿನಿಂದ ಒಳಕ್ಕೆ 3 ಇಂಚು ಉದ್ದದ ಮೆತ್ತನೆಯ ವೆಲ್ಕ್ರೋ, ಪಟ್ಟಿಯ ತುದಿಗೆ ಒಂದು ಇಂಚಿನ ಗಡಸು. ಬೆನ್ನ ಹಿಂದೆ ಕೈ ಚಾಚಿ ಗಂಟು ಹಾಕಲು ಬಾರದ ಮಗು ಇದನ್ನು ತಾನೇ ಹಾಕಿಕೊಳ್ಳುತ್ತದೆ, ತಾನೇ ಬಿಚ್ಚುತ್ತದೆ. ನಾಲ್ಕು ವರ್ಷದವರಿಗೂ ಇದು ಬರುತ್ತದೆ.

ಮನೆಯಲ್ಲಿ ಹರಿದ ಇಳಕಲ್ ಸೀರೆಯಿದ್ದರೆ ಕೊರಳ ಪಟ್ಟಿಯ ಮೇಲ್ಬದಿಗೆ ಅದರ ದಡಿಯನ್ನು ಕೂರಿಸಿ. ಸೀರೆಯ ಮೈ ಸವೆದರೂ ಗೋಮಿ ದಡಿ, ಗಾಡಿ ದಡಿಗಳು ಗಟ್ಟಿಯಾಗಿಯೇ ಇರುತ್ತವೆ. ಚರ್ಮಕ್ಕೆ ತಾಗುವ ಒಳಬದಿ ಹತ್ತಿಯೇ ಇರಲಿ. ಕುಪ್ಪಸಕ್ಕೆಂದು ನೇಯುವ ಗುಳೇದಗುಡ್ಡದ ಖಣದ ತುಂಡು ಕೆಳಗಂಚಿಗೆ ಎರಡು ಇಂಚಿನ ಪಟ್ಟಿಯಾಗಿ ಬಹಳ ಒಪ್ಪುತ್ತದೆ. ಆದರೆ ಖಣ ಬಣ್ಣ ಬಿಡುವ ಸಾಧ್ಯತೆ ಹೆಚ್ಚು, ನೆನೆಸಿ ಪರೀಕ್ಷಿಸದೆ ಹಚ್ಚಬೇಡಿ.

ಮಗುವಿನ ಕೈಯಿಂದಲೂ ಒಂದು ಗುರುತು

ಏಪ್ರನ್ನಿನ ಕೆಳಭಾಗದಲ್ಲಿ ಮಗುವೇ ಅಚ್ಚು ಹಾಕಲಿ. ಬಲಿತ ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಐದು ಎಸಳಿನ ಹೂವು ಸಿಗುತ್ತದೆ. ಕತ್ತರಿಸಿದ ಮುಖವನ್ನು ಹಳೆಯ ಬಟ್ಟೆಗೆ ಒತ್ತಿ ಲೋಳೆ ತೆಗೆಯಿರಿ, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಫ್ಯಾಬ್ರಿಕ್ ಕಲರನ್ನು ತಟ್ಟೆಗೆ ಸುರಿಯದೆ ಸ್ಪಂಜಿಗೆ ಹಚ್ಚಿ, ಬೆಂಡೆಕಾಯಿಯನ್ನು ಅದಕ್ಕೆ ಒತ್ತಿ ಏಪ್ರನ್ ಮೇಲೆ ಇಡಲಿ. ಕೆಳಗೆ ರಟ್ಟು ಹಾಸಿರಬೇಕು. ಗಾಢ ಬಟ್ಟೆಗೆ ಬಿಳಿ ಅಥವಾ ಹಳದಿ ಅಚ್ಚು. ಸಾಲು ವಕ್ರವಾದರೆ ಆಗಲಿ ಬಿಡಿ, ತಿದ್ದಲು ಹೋಗಬೇಡಿ. ಒಂದು ದಿನ ಒಣಗಿಸಿ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಬಣ್ಣ ನಿಲ್ಲುತ್ತದೆ. ಏಳೆಂಟು ವರ್ಷದ ಮಗುವಾದರೆ ಅಚ್ಚಿನ ಬದಲು ಮೊಂಡು ಸೂಜಿ ಕೊಟ್ಟು ಜೇಬಿನ ಮೂಲೆಯಲ್ಲಿ ನಾಲ್ಕು ಹೆಂತೆ ಹಾಕಿಸಿ. ಎಣಿಸಲು ಬಂದವರಿಗೆ ಹೆಂತೆ ಬರುತ್ತದೆ.

ಒಗೆಯುವುದು, ಕಾಪಾಡುವುದು

ಮೊದಲೆರಡು ಸಲ ಬೇರೆ ಬಟ್ಟೆಯ ಜೊತೆ ಹಾಕದೆ ತಣ್ಣೀರಿನಲ್ಲಿ ಒಗೆಯಿರಿ. ಕಸೂತಿಯ ಮೇಲೆ ಬ್ರಷ್ಷು ಉಜ್ಜಬೇಡಿ. ಅರಿಸಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಗಾಗುತ್ತದೆ, ಗಾಬರಿ ಬೇಡ. ಸೋಪಿನ ಕ್ಷಾರಕ್ಕೆ ಅರಿಸಿನದ ಬಣ್ಣ ಬದಲಾಗುವುದು ಅದರ ಗುಣ. ಚೆನ್ನಾಗಿ ಜಾಲಿಸಿ ಆ ಭಾಗವನ್ನು ಬಿಸಿಲಿಗೆ ಹರಡಿದರೆ ಕಲೆ ತಾನಾಗಿ ಮಾಸುತ್ತದೆ. ಬಿಸಿಲಿಗೆ ಕಸೂತಿ ದಾರವೂ ಮಾಸುವುದರಿಂದ ಕಲೆಯಿದ್ದ ದಿನ ಮಾತ್ರ ಬಿಸಿಲು, ಆಗಲೂ ಜೇಬಿನ ಮೇಲೊಂದು ಬಟ್ಟೆ ಹೊದಿಸಿ. ಉಳಿದ ದಿನ ನೆರಳು. ಇಸ್ತ್ರಿ ಮಾಡುವಾಗ ಟವೆಲ್ಲಿನ ಮೇಲೆ ಜೇಬನ್ನು ಬೋರಲು ಹಾಕಿ ಹಿಂಬದಿಯಿಂದ ಒತ್ತಿದರೆ ಹೊಲಿಗೆಗಳು ಚಪ್ಪಟೆಯಾಗದೆ ಎದ್ದು ನಿಲ್ಲುತ್ತವೆ. ವೆಲ್ಕ್ರೋವನ್ನು ಮುಚ್ಚಿಯೇ ಒಗೆಯಿರಿ, ತೆರೆದಿದ್ದರೆ ಅದರ ಗಡಸು ಹಲ್ಲು ಕಸೂತಿಯ ಎಳೆ ಕಚ್ಚಿ ಎಳೆಯುತ್ತದೆ.

ವರ್ಷ ಕಳೆದು ಏಪ್ರನ್ ಗಿಡ್ಡವೆನಿಸಿದಾಗ ಒಳಮಡಿಕೆಯ ಹೊಲಿಗೆ ಬಿಚ್ಚಿ. ಹಳೆಯ ಮಡಿಕೆಯ ಗೆರೆ ತಿಳಿಬಣ್ಣದಲ್ಲಿ ಉಳಿದರೆ ಅದರ ಮೇಲೆ ಖಣದ ಪಟ್ಟಿಯನ್ನೋ, ಬಣ್ಣದ ದಾರದಲ್ಲಿ ಎರಡು ಸಾಲು ಗಾವಂತಿಯನ್ನೋ ಹಾಕಿ ಮುಚ್ಚಬಹುದು. ಅದೂ ಸಾಲದಾದಾಗ ಜೇಬನ್ನು ಬಿಚ್ಚಿಡಿ. ಮುಂದಿನ ಏಪ್ರನ್ನಿಗೆ ಉದ್ದ ಅಗಲಕ್ಕೆ ಮೂರು ಮೂರು ಇಂಚು ಸೇರಿಸಿ ಕತ್ತರಿಸಿ, ಅದೇ ಜೇಬನ್ನು ಎರಡು ಇಂಚು ಕೆಳಗೆ ಹೊಲಿಯಿರಿ.